ರೂಲ್ಸ್ ನಿಮ್ಮದು, ವಿಸಿಲ್ ನಮ್ಮದು

ಕಳೆದ ಚಳಿಗಾಲ ನಮ್ಮೂರಿನ ಕನ್ನಡ ಕೂಟದ ಊಟದಲ್ಲಿ, ತಟ್ಟೆಗೆ ಬಿಸಿಬೇಳೆಬಾತ್ ಹಾಕಿಸಿಕೊಳ್ಳುತ್ತಾ ಗೆಳೆಯನೊಬ್ಬ ಕೇಳಿದ: "ಅಲ್ಲ ಗುರೂ, ಇಲ್ಲಿ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್‌ನಲ್ಲಿ ಎಷ್ಟೋ ಕಡೆ ಇನ್ನೂ ಶಾಟ್ ಕ್ಲಾಕೇ ಇಲ್ವಂತೆ? ನಾವು ಕಂಠೀರವದಲ್ಲಿ ಆಡೋವಾಗಲೇ 24 ಸೆಕೆಂಡ್ ಇತ್ತಲ್ಲೋ. ಈ ಆಟ ಹುಟ್ಟಿದ ದೇಶ ಇದು, ನಾಚಿಕೆ ಆಗಲ್ವಾ?"

ಸುತ್ತ ಇದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ನಗು ಹೋಗಿ ಸಿಟ್ಟು ಬಂತು. ಆ ಸಿಟ್ಟಿನಲ್ಲಿ ಬರೆದದ್ದು ಇದು.

ಹಗಲು ನಾನೂ ನಿಮ್ಮ ಹಾಗೆ ಲ್ಯಾಪ್‌ಟಾಪ್ ಮುಂದೆ ಕೂತು ಕೋಡ್ ಕುಟ್ಟೋನೇ. ನವೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ವಾರಕ್ಕೆ ಎರಡು ಮೂರು ಸಂಜೆ ಮಾತ್ರ ಕಪ್ಪು-ಬಿಳಿ ಪಟ್ಟೆ ಅಂಗಿ ಹಾಕ್ಕೊಂಡು, ಕತ್ತಿಗೆ ವಿಸಿಲ್ ತಗಲಿಸಿಕೊಂಡು, ಯಾವುದೋ ಶಾಲೆಯ ಜಿಮ್‌ನಲ್ಲಿ ಮಕ್ಕಳ ಜೊತೆ ಓಡ್ತಿರ್ತೀನಿ. ಕಾರಿನ ಪೆಟ್ರೋಲ್ ಕಳೆದರೆ ಒಂದು ಒಳ್ಳೆ ಊಟಕ್ಕಾಗುವಷ್ಟು ದುಡ್ಡು ಉಳಿಯುತ್ತೆ. ಬೈಗುಳ ಫ್ರೀ.

ಅಮೆರಿಕದ ಹೈಸ್ಕೂಲ್ ಆಟಗಳಿಗೆ ನಿಯಮ ಬರೆಯೋದು ಇಂಡಿಯಾನಾಪೊಲಿಸ್‌ನಲ್ಲಿರುವ ಎನ್‌ಎಫ್‌ಎಚ್‌ಎಸ್ ಅನ್ನೋ ಒಕ್ಕೂಟ. ರಾಜ್ಯಗಳು ಅದನ್ನು ಒಪ್ಪಿಕೊಂಡು, ಅಲ್ಲಲ್ಲಿ ತಮ್ಮ ಒಗ್ಗರಣೆ ಹಾಕಿ ನಡೆಸುತ್ತವೆ. ಉದಾಹರಣೆಗೆ, ಹೆಚ್ಚಿನ ಕಡೆ 8 ನಿಮಿಷದ ನಾಲ್ಕು ಕ್ವಾರ್ಟರ್ ಆಡಿದರೆ ಮಿನ್ನೆಸೋಟ, ವಿಸ್ಕಾನ್ಸಿನ್‌ನಲ್ಲಿ 18 ನಿಮಿಷದ ಎರಡು ಹಾಫ್. ಪ್ರತಿ ವರ್ಷ ನಿಯಮ ಬದಲಾವಣೆಯ ಪಟ್ಟಿ ಬಂದಾಗ ನಮ್ಮ ರೆಫರಿಗಳ ಮೀಟಿಂಗ್‌ನಲ್ಲಿ ಒಂದು ಸಣ್ಣ ಯುದ್ಧ ನಡೆಯುತ್ತೆ. ಎಲ್ಲಕ್ಕಿಂತ ದೊಡ್ಡ ಯುದ್ಧ ಶಾಟ್ ಕ್ಲಾಕಿನದು.

ಗೊತ್ತಿಲ್ಲದವರಿಗೆ ಒಂದು ಮಾತು. ಚೆಂಡು ಕೈಗೆ ಬಂದ ಮೇಲೆ ಇಂತಿಷ್ಟು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಇದು ಶಾಟ್ ಕ್ಲಾಕ್. ಎನ್‌ಬಿಎಗೆ ಇದು 1954ರಲ್ಲೇ ಬಂತು, 24 ಸೆಕೆಂಡ್. ಗಂಡಸರ ಕಾಲೇಜ್ ಆಟಕ್ಕೆ 1985-86ರಲ್ಲಿ 45 ಸೆಕೆಂಡ್ ಬಂದು, ಆಮೇಲೆ 35 ಆಗಿ, ಈಗ 30ಕ್ಕೆ ನಿಂತಿದೆ. ಹೈಸ್ಕೂಲಿಗೆ ಮಾತ್ರ ಎನ್‌ಎಫ್‌ಎಚ್‌ಎಸ್ ಕಡ್ಡಾಯ ಮಾಡಲಿಲ್ಲ. 2022-23ರ ಸೀಸನ್‌ನಿಂದ ಬೇಕಾದ ರಾಜ್ಯ 35 ಸೆಕೆಂಡಿನ ಕ್ಲಾಕ್ ಇಟ್ಟುಕೊಳ್ಳಬಹುದು ಅಂತ 2021ರಲ್ಲಿ ಹೇಳಿ ಕೈತೊಳೆದುಕೊಂಡಿತು. ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್, ಮ್ಯಾಸಚೂಸೆಟ್ಸ್‌ನಂಥ ಕೆಲವು ರಾಜ್ಯಗಳು ಅದಕ್ಕೂ ಮುಂಚೆಯೇ ಯಾರನ್ನೂ ಕೇಳದೆ ಇಟ್ಟುಕೊಂಡಿದ್ದವು.

ಈಗ ಕೂಗು ಏನಪ್ಪಾ ಅಂದ್ರೆ, ಎಲ್ಲ ರಾಜ್ಯದಲ್ಲೂ, ಎಲ್ಲ ಶಾಲೆಯಲ್ಲೂ ಶಾಟ್ ಕ್ಲಾಕ್ ಕಡ್ಡಾಯ ಮಾಡಿ. ಬೇಡ ಅಂದವನು ಹಳೇ ಕಾಲದವನು.

ನಾನು ಬೇಡ ಅಂತೀನಿ. ಹಾಗಂತ ಹೊಸ ನಿಯಮಗಳೆಲ್ಲ ಬೇಡ ಅನ್ನೋ ಪೈಕಿಯೂ ಅಲ್ಲ. ಮೊದಲು ಯಾವ ಬದಲಾವಣೆಗೆ ಕೈಮುಗಿದೆ ಅಂತ ಹೇಳ್ತೀನಿ, ಆಮೇಲೆ ಜಗಳ ಮಾಡೋಣ.

2022-23ರವರೆಗೆ ನಮ್ಮಲ್ಲಿ 'ಒನ್ ಅಂಡ್ ಒನ್' ಅಂತ ಒಂದು ಪದ್ಧತಿ ಇತ್ತು. ಒಂದು ತಂಡ ಒಂದು ಹಾಫ್‌ನಲ್ಲಿ ಏಳನೇ ಫೌಲ್ ಮಾಡಿದರೆ ಎದುರಾಳಿಗೆ ಒಂದು ಫ್ರೀ ಥ್ರೋ. ಅದು ಬಿದ್ದರೆ ಮಾತ್ರ ಇನ್ನೊಂದು. ಹತ್ತನೇ ಫೌಲ್‌ನಿಂದ ನೇರವಾಗಿ ಎರಡು. ಕೇಳೋಕೆ ಸಲೀಸು. ಕಿವಿ ಕಿತ್ತುಹೋಗುವ ಗದ್ದಲದಲ್ಲಿ, ಸ್ಕೋರ್‌ಬುಕ್ ಬರೆಯೋ ಹುಡುಗಿ ಏಳಕ್ಕೆ ಆರು ಅಂತ ಗುರುತು ಹಾಕಿದ್ದರೆ? ಕೊಡಬೇಕಾದ ಫ್ರೀ ಥ್ರೋ ಕೊಡದೆ ಆಟ ಮುಂದೆ ಹೋಗಿಬಿಟ್ಟರೆ? ಆಮೇಲೆ ಅದನ್ನು ಸರಿ ಮಾಡೋಕೆ ನಿಯಮ ಪುಸ್ತಕದಲ್ಲಿ ಇನ್ನೊಂದು ನಿಯಮ, ಅದಕ್ಕೊಂದು ಗಡುವು, ಅದರ ಮೇಲೆ ಇಬ್ಬರು ಕೋಚ್‌ಗಳ ವಾದ. ಇನ್ನೂ ಮುಖ್ಯವಾದದ್ದು ಬೇರೆ ಇದೆ. ಒನ್ ಅಂಡ್ ಒನ್‌ನಲ್ಲಿ ಮೊದಲ ಎಸೆತವೇ ತಪ್ಪಿದರೂ ಚೆಂಡಿಗಾಗಿ ಬುಟ್ಟಿ ಕೆಳಗೆ ಆರೇಳು ಜನ ಮೈಮೇಲೆ ಬೀಳ್ತಾರೆ. ಮೊಣಕೈ, ಮೊಣಕಾಲು, ಉಳುಕಿದ ಪಾದ ಎಲ್ಲ ಅಲ್ಲೇ.

2023-24ರಿಂದ ಅದನ್ನು ಕಿತ್ತುಹಾಕಿದರು. ಈಗ ಪ್ರತಿ ಕ್ವಾರ್ಟರ್‌ನಲ್ಲಿ ಐದನೇ ಫೌಲ್‌ಗೆ ಎರಡು ಫ್ರೀ ಥ್ರೋ. ಕ್ವಾರ್ಟರ್ ಮುಗಿದ ತಕ್ಷಣ ಲೆಕ್ಕ ಮತ್ತೆ ಸೊನ್ನೆ. ಕಂಠೀರವದಲ್ಲಿ ಆಡಿದ ನನ್ನ ಗೆಳೆಯನಿಗೆ ಇದು ಹೊಸದೇನಲ್ಲ, ಫಿಬಾ ನಿಯಮದಲ್ಲೂ ಲೆಕ್ಕ ಇಷ್ಟೇ. ಮೊದಲ ಎಸೆತಕ್ಕೆ ಯಾರೂ ಗುದ್ದಾಡೋ ಹಾಗಿಲ್ಲ. ನೆನಪಿಡಬೇಕಾದ ಅಂಕಿ ಒಂದೇ: ಐದು. ಮಕ್ಕಳಿಗೂ ಒಳ್ಳೇದು, ಟೇಬಲ್‌ಗೂ ಒಳ್ಳೇದು, ನಮಗೂ ಒಳ್ಳೇದು. ಒನ್ ಅಂಡ್ ಒನ್‌ನ ಥ್ರಿಲ್ ಹೋಯ್ತು ಅಂತ ಹಳೇ ಕೋಚ್‌ಗಳು ಗೊಣಗಿದರು. ಹೋಗಲಿ ಬಿಡಿ ಸ್ವಾಮಿ, ಥ್ರಿಲ್ ಬೇಕಾದವರಿಗೆ ಟಿವಿ ಇದೆ.

ಇನ್ನೊಂದು, ಬೀಳೋ ನಾಟಕ. ಯಾರೂ ಮುಟ್ಟದಿದ್ದರೂ ಗುಂಡು ತಗುಲಿದವರ ಹಾಗೆ ಅಂಗಾತ ಬಿದ್ದು ಫೌಲ್ ಗಿಟ್ಟಿಸೋದು. ಪುಸ್ತಕದ ಪ್ರಕಾರ ಇದಕ್ಕೆ ಮೊದಲ ಸಲವೇ ಟೆಕ್ನಿಕಲ್ ಫೌಲ್ ಇತ್ತು. ಅದನ್ನು ಕೊಟ್ಟ ರೆಫರಿ ಎಷ್ಟು ಜನ? ಕೈಬೆರಳಲ್ಲಿ ಎಣಿಸಬಹುದು. ಹದಿನಾರು ವರ್ಷದ ಹುಡುಗ ಬಿದ್ದದ್ದಕ್ಕೆ ಎದುರಾಳಿಗೆ ಎರಡು ಫ್ರೀ ಥ್ರೋ, ಮೇಲೆ ಚೆಂಡೂ ಕೊಡೋದು ಅಂದ್ರೆ ಸೊಳ್ಳೆ ಹೊಡೆಯೋಕೆ ಒನಕೆ ಎತ್ತಿದ ಹಾಗೆ. ಕೈ ಬರ್ತಿರಲಿಲ್ಲ. ನೋಡದವರ ಹಾಗೆ ಇದ್ದುಬಿಡ್ತಿದ್ವಿ, ನಾಟಕ ಬೆಳೀತಿತ್ತು. 2024-25ರಲ್ಲಿ ಶಿಕ್ಷೆ ಇಳಿಸಿದರು. ಮೊದಲ ಸಲ ತಂಡಕ್ಕೆ ಎಚ್ಚರಿಕೆ, ಮತ್ತೆ ಮಾಡಿದರೆ ಟೆಕ್ನಿಕಲ್. ಆ ವರ್ಷ ನಾನು ಧೈರ್ಯವಾಗಿ ಎಚ್ಚರಿಕೆ ಕೊಟ್ಟೆ. ಕೋಚ್ ಮುಖ ಊದಿಸಿಕೊಂಡು ಹುಡುಗನನ್ನು ಬೆಂಚಿಗೆ ಕರೆಸಿ ಬುದ್ಧಿ ಹೇಳಿದ. ಶಿಕ್ಷೆ ಚಿಕ್ಕದಾದ ಮೇಲೆ ನಿಯಮಕ್ಕೆ ಜೀವ ಬಂತು.

ಈ ಎರಡನ್ನೂ ಯಾಕೆ ಹೇಳಿದೆ ಅಂದ್ರೆ, ಎರಡೂ ಜಿಮ್‌ನೊಳಗೆ ನಿಂತವರ ಕಷ್ಟ ನೋಡಿ ಮಾಡಿದ ಬದಲಾವಣೆ. ಶಾಟ್ ಕ್ಲಾಕ್ ಕಡ್ಡಾಯ ಮಾಡಿ ಅನ್ನೋ ಕೂಗು ಬರ್ತಿರೋದು ಟಿವಿ ಮುಂದಿನ ಸೋಫಾದಿಂದ.

ನನ್ನದೇ ಒಂದು ತಪ್ಪು ಹೇಳ್ತೀನಿ. ಶಾಟ್ ಕ್ಲಾಕ್ ಇದ್ದ ಒಂದು ಹುಡುಗಿಯರ ಪಂದ್ಯ. ಮೂವರು ರೆಫರಿ ಇರಬೇಕಿತ್ತು, ಒಬ್ಬರಿಗೆ ಜ್ವರ, ಇಬ್ಬರೇ ನಿಂತಿದ್ವಿ. ಕ್ಲಾಕ್ ಒತ್ತೋಕೆ ಕೂತಿದ್ದವನು ಅದೇ ಶಾಲೆಯ ಹುಡುಗ. ಮಾಮೂಲಾಗಿ ಬರೋರು ಬಂದಿಲ್ಲ ಅಂತ ಅರ್ಧ ಗಂಟೆ ಮುಂಚೆ ಹಿಡಿದು ಕೂರಿಸಿದ್ದರು. ಕೊನೆಯ ಎರಡು ನಿಮಿಷ, ಎರಡು ಪಾಯಿಂಟ್ ಅಂತರ. ಮುಂದಿದ್ದ ತಂಡದ ಹುಡುಗಿ ಎಸೆದಳು, ಬೀಳಲಿಲ್ಲ, ಅದೇ ತಂಡಕ್ಕೆ ಚೆಂಡು ವಾಪಸ್ ಸಿಕ್ತು. ಹುಡುಗ ಕ್ಲಾಕನ್ನು ಮತ್ತೆ 35ಕ್ಕೆ ತಿರುಗಿಸಿದ.

ಚೆಂಡು ರಿಂಗಿಗೆ ತಾಗಿದ್ದರೆ ಅದು ಸರಿ. ತಾಗದಿದ್ದರೆ ಕ್ಲಾಕ್ ನಿಲ್ಲದೆ ಓಡಬೇಕಿತ್ತು, ಉಳಿದಿದ್ದು ಮೂರೋ ನಾಲ್ಕೋ ಸೆಕೆಂಡ್. ಎದುರಾಳಿ ಕೋಚ್ ತಾಗಿಲ್ಲ ಅಂತ ಕಿರುಚಿದ. ನಾನು ಬುಟ್ಟಿ ಕೆಳಗೆ ನಿಂತವನು. ನನ್ನ ಕೆಲಸ ಚೆಂಡು ನೋಡೋದಲ್ಲ, ಚೆಂಡಿಗಾಗಿ ಮುಗಿಬಿದ್ದ ಹುಡುಗಿಯರ ಕೈಕಾಲು ನೋಡೋದು. ಆದರೂ ಆ ಕಿರುಚಾಟಕ್ಕೆ ತಲೆ ಎತ್ತಿ ಕ್ಲಾಕ್ ನೋಡಿದೆ. ಒಂದೇ ಕ್ಷಣ. ಕಣ್ಣು ಇಳಿಸುವಷ್ಟರಲ್ಲಿ ಒಬ್ಬ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ಮಂಡಿಯೂರಿದ್ದಳು. ಯಾರದೋ ಮೊಣಕೈ ತಗುಲಿ ತುಟಿ ಸೀಳಿತ್ತು, ನೆಲದ ಮೇಲೆ ರಕ್ತ. ಯಾರ ಮೊಣಕೈ? ನನಗೆ ಗೊತ್ತಿಲ್ಲ. ನನ್ನ ಜೊತೆಗಾರನೂ ಕ್ಲಾಕ್ ನೋಡ್ತಿದ್ದ. ಫೌಲ್ ಇಲ್ಲ, ಶಿಕ್ಷೆ ಇಲ್ಲ.

ಇಬ್ಬರೂ ಮಾತಾಡಿಕೊಂಡು ತಾಗಿದೆ ಅಂತ ತೀರ್ಪು ಕೊಟ್ಟೆವು. ಪಂದ್ಯ ಮುಗಿದ ಮೇಲೆ ಪಾರ್ಕಿಂಗ್ ಲಾಟ್‌ನಲ್ಲಿ ಒಬ್ಬ ತಂದೆ ಫೋನಿನಲ್ಲಿ ವಿಡಿಯೋ ತೋರಿಸಿದರು. ಚೆಂಡು ರಿಂಗಿಗೆ ತಾಗಿರಲಿಲ್ಲ. ಅವರು ಬೈಯಲಿಲ್ಲ, ಸುಮ್ಮನೆ ತೋರಿಸಿ ಹೋದರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಇದಕ್ಕೆ "ನೀನು ಕೆಟ್ಟ ರೆಫರಿ" ಅಂತ ನೀವು ಹೇಳಬಹುದು. ಹೇಳಿ, ಒಪ್ಕೋತೀನಿ. ನನ್ನಂಥ ರೆಫರಿಗಳೇ ಈ ಆಟ ನಡೆಸ್ತಿರೋದು ಅನ್ನೋದು ಮಾತ್ರ ನೆನಪಿರಲಿ. ಎನ್‌ಬಿಎಯಲ್ಲಿ ಮೂವರು ವೃತ್ತಿಪರ ರೆಫರಿ, ತರಬೇತಿ ಪಡೆದ ಕ್ಲಾಕ್ ಆಪರೇಟರ್, ನೂರೆಂಟು ಕ್ಯಾಮೆರಾ, ಮರುವೀಕ್ಷಣೆ ಎಲ್ಲ ಇದೆ. ನಮ್ಮಲ್ಲಿ ರೀಪ್ಲೇ ನೋಡೋ ಅವಕಾಶ, ಅದೂ ರಾಜ್ಯ ಒಪ್ಪಿದರೆ, ರಾಜ್ಯ ಚಾಂಪಿಯನ್‌ಶಿಪ್ ಹಂತದಲ್ಲಿ ಮಾತ್ರ. ಮಂಗಳವಾರ ಸಂಜೆಯ ಜಿಮ್‌ನಲ್ಲಿ ಇರೋದು ಎರಡು ಜೊತೆ ಕಣ್ಣು ಮತ್ತು ಹತ್ತು ಜನ ಓಡೋ ಮಕ್ಕಳು.

ಎದುರಿನವರ ವಾದಗಳನ್ನು ನಾನು ತಳ್ಳಿಹಾಕಲ್ಲ. ಒಂದೊಂದಾಗಿ ನೋಡೋಣ.

ಮೊದಲನೆಯದು, ಚೆಂಡು ಹಿಡಿದು ಕೂರೋ ಆಟ. 2022ರ ಜನವರಿಯಲ್ಲಿ ಒಕ್ಲಹೋಮಾದಲ್ಲಿ ವೆದರ್‌ಫರ್ಡ್ ಮತ್ತು ಅನಡಾರ್ಕೊ ಶಾಲೆಗಳ ನಡುವಿನ ಪಂದ್ಯ 4-2ಕ್ಕೆ ಮುಗಿಯಿತು. ಹೌದು, ಫುಟ್‌ಬಾಲ್ ಸ್ಕೋರಲ್ಲ, ಬ್ಯಾಸ್ಕೆಟ್‌ಬಾಲ್‌ದೇ. ದೇಶವೆಲ್ಲ ನಕ್ಕಿತು. "ನೋಡಿ, ಇದಕ್ಕೇ ಶಾಟ್ ಕ್ಲಾಕ್ ಬೇಕು" ಅಂದರು. ಹಿಂದೆಯೂ ಹೀಗೇ ಆಗಿದೆ. 1950ರಲ್ಲಿ ಫೋರ್ಟ್ ವೇನ್ ಪಿಸ್ಟನ್ಸ್ ತಂಡ ಮಿನಿಯಾಪೊಲಿಸ್ ಲೇಕರ್ಸ್ ವಿರುದ್ಧ 19-18ರಿಂದ ಗೆದ್ದಿತು, ನಾಲ್ಕು ವರ್ಷದಲ್ಲಿ ಎನ್‌ಬಿಎಗೆ ಕ್ಲಾಕ್ ಬಂತು. ಎನ್‌ಬಿಎಗೆ ಅದು ಸರಿ. ಟಿಕೆಟ್ ಕೊಂಡು ಬಂದ ಜನಕ್ಕೆ ಮನರಂಜನೆ ಕೊಡಬೇಕು, ಇಲ್ಲಾಂದ್ರೆ ಅಂಗಡಿ ಮುಚ್ಚಬೇಕು. ಹೈಸ್ಕೂಲಿಗೆ ಯಾವ ಅಂಗಡಿ ಇದೆ? 4-2 ಸುದ್ದಿಯಾದದ್ದೇ ಅದು ಎಲ್ಲೋ ಒಂದು ನಡೆಯೋ ವಿಚಿತ್ರ ಅಂತ. ದಿನಾ ನಡೆಯೋದು ಯಾವ ಪೇಪರಿನಲ್ಲೂ ಬರಲ್ಲ.

ಇನ್ನೊಂದು ವಿಷಯ ಯಾರೂ ಹೇಳಲ್ಲ. ಚೆಂಡು ಹಿಡಿದು ಕೂರೋದಕ್ಕೆ ಮದ್ದು ನಮ್ಮ ಪುಸ್ತಕದಲ್ಲಿ ಈಗಾಗಲೇ ಇದೆ. ಚೆಂಡು ಹಿಡಿದವನು ತಾನು ಬುಟ್ಟಿ ಹಾಕಬೇಕಾದ ಕಡೆಯ ಅರ್ಧದಲ್ಲಿದ್ದಾಗ, ಕಾಯುವವನು ಆರಡಿಯೊಳಗೆ ಬಂದು ನಿಂತರೆ ರೆಫರಿ ಕೈ ಬೀಸಿ ಐದು ಎಣಿಸಬೇಕು. ಐದು ಸೆಕೆಂಡ್ ಸುಮ್ಮನೆ ಹಿಡಿದು ನಿಂತರೂ ಚೆಂಡು ಹೋಯ್ತು, ಐದು ಸೆಕೆಂಡ್ ಡ್ರಿಬಲ್ ಮಾಡ್ತಾ ನಿಂತರೂ ಹೋಯ್ತು. ಅಂದ್ರೆ ಎದುರು ತಂಡ ಬುಟ್ಟಿ ಕೆಳಗಿನ ಬೆಚ್ಚಗಿನ ಜಾಗ ಬಿಟ್ಟು ಹೊರಗೆ ಬಂದು ಕಾಯಬೇಕು, ಅಷ್ಟೇ. ಬರಲ್ಲ. ಯಾಕಂದ್ರೆ ಬಂದರೆ ಪಕ್ಕದಿಂದ ನುಗ್ಗಿ ಬುಟ್ಟಿ ಹಾಕ್ತಾರೆ ಅನ್ನೋ ಭಯ. ಸರಿ, ಅದು ಅವರ ಲೆಕ್ಕಾಚಾರ. ಹಾಗಿದ್ದ ಮೇಲೆ "ಅವರು ಆಡ್ತಾ ಇಲ್ಲ" ಅಂತ ನನ್ನ ಮುಂದೆ ಬಂದು ದೂರಬೇಡಿ. ನೀವೂ ಆಡ್ತಾ ಇಲ್ಲ. ಮತ್ತೆ ನಮ್ಮ ಕಡೆಯ ತಪ್ಪೂ ಇದೆ: ಆ ಐದರ ಎಣಿಕೆಯನ್ನು ನಾವು ಅನೇಕರು ಸೋಮಾರಿತನದಿಂದ ಮಾಡಲ್ಲ. ಇರೋ ನಿಯಮವನ್ನೇ ನಡೆಸದವರಿಗೆ ಇನ್ನೊಂದು ನಿಯಮ ಕೊಟ್ಟರೆ ಏನಾಗುತ್ತೆ ಹೇಳಿ.

ಎರಡನೇ ವಾದ, ಕಾಲೇಜಿಗೆ ತಯಾರಿ. ಕಾಲೇಜಿನಲ್ಲಿ ಕ್ಲಾಕ್ ಇದೆ, ಮಕ್ಕಳು ಈಗಲೇ ಕಲೀಲಿ ಅಂತ. ಈ ದೇಶದಲ್ಲಿ ಹೈಸ್ಕೂಲ್ ಬ್ಯಾಸ್ಕೆಟ್‌ಬಾಲ್ ಆಡುವ ಹುಡುಗ ಹುಡುಗಿಯರು ಸೇರಿ ಒಂಬತ್ತು ಲಕ್ಷದ ಆಸುಪಾಸು. ಆ ಹುಡುಗರಲ್ಲಿ ಮುಂದೆ ಎನ್‌ಸಿಎಎ ಮಟ್ಟದಲ್ಲಿ ಆಡೋರು ನೂರಕ್ಕೆ ನಾಲ್ಕು ಜನರೂ ಇಲ್ಲ. ಆ ಮೂರು ಮುಕ್ಕಾಲು ಜನಕ್ಕೆ ಕ್ಲಾಕ್ ಕಲಿಯೋಕೆ ಬೇಸಿಗೆ ಕ್ಯಾಂಪು, ಕ್ಲಬ್ಬು ಎಲ್ಲ ಇದೆ. ಉಳಿದ ತೊಂಬತ್ತಾರು ಜನಕ್ಕೆ ಇದೇ ಕೊನೆಯ ಆಟ. ಇವರಿಗೆ ನಿಯಮ ಬರೀಬೇಕಾದದ್ದು. ನಮ್ಮಲ್ಲಿ ಇಡೀ ಕ್ಲಾಸಿಗೆ ಪಾಠ ಮಾಡೋದು ಬಿಟ್ಟು ಐಐಟಿಗೆ ಹೋಗೋ ನಾಲ್ಕು ಹುಡುಗರಿಗೋಸ್ಕರ ಇಡೀ ಶಾಲೆಯನ್ನೇ ಕೋಚಿಂಗ್ ಸೆಂಟರ್ ಮಾಡಿದ್ದು ನೋಡಿ ಬೆಳೆದವರು ನಾವು. ಈ ವಾದದ ವಾಸನೆ ನಮಗಾದರೂ ಗೊತ್ತಾಗಬೇಕು.

ಮೂರನೇದು, ನ್ಯಾಯ. ಕ್ಲಾಕ್ ಇದ್ದರೆ ಆಟ ನ್ಯಾಯವಾಗಿರುತ್ತಂತೆ. ಯಾರಿಗೆ? ಎಂಟು ಜನ ಎತ್ತರದ ಆಟಗಾರರಿರೋ ದೊಡ್ಡ ಶಾಲೆ ಒಂದು ಕಡೆ, ಹೇಗೋ ಎಂಟು ಜನರನ್ನು ಒಟ್ಟು ಮಾಡಿದ ಹಳ್ಳಿ ಶಾಲೆ ಇನ್ನೊಂದು ಕಡೆ. ಚಿಕ್ಕ ಶಾಲೆಯ ಕೈಯಲ್ಲಿರೋ ಒಂದೇ ಆಯುಧ ತಾಳ್ಮೆ. ನಿಧಾನವಾಗಿ ಪಾಸ್ ಮಾಡ್ತಾ, ಎದುರಾಳಿಗೆ ಚೆಂಡು ಕಡಿಮೆ ಸಿಗೋ ಹಾಗೆ ಮಾಡಿ, ಒಳ್ಳೆ ಅವಕಾಶಕ್ಕೆ ಕಾಯೋದು. ಚೆಂಡು ಹೆಚ್ಚು ಸಲ ಕೈ ಬದಲಾದಷ್ಟೂ ಬಲಶಾಲಿಯೇ ಗೆಲ್ಲೋದು. ಆ ಆಯುಧ ಕಿತ್ತುಕೊಂಡ ಮೇಲೆ ಏನಾಗುತ್ತೆ ಗೊತ್ತಾ? ಅಂತರ ಮೂವತ್ತೈದು ನಲವತ್ತು ದಾಟುತ್ತೆ. ಆಗ ಎಷ್ಟೋ ರಾಜ್ಯಗಳಲ್ಲಿ ಗಡಿಯಾರ ನಿಲ್ಲಿಸದೆ ಓಡಿಸಿ ಬೇಗ ಆಟ ಮುಗಿಸೋ ಕರುಣೆಯ ನಿಯಮ ಇದೆ. ಒಂದು ಕಡೆ ಆಟ ಬೇಗ ಬೇಗ ಆಡಿ ಅಂತ ಒಂದು ಗಡಿಯಾರ, ಇನ್ನೊಂದು ಕಡೆ ಮರ್ಯಾದೆ ಉಳಿಸೋಕೆ ಇನ್ನೊಂದು ಗಡಿಯಾರ.

ಈಗ ದುಡ್ಡಿನ ಮಾತು. ಕ್ಲಾಕಿಗೆ ಕೆಲವು ಸಾವಿರ ಡಾಲರ್, ಬೂಸ್ಟರ್ ಕ್ಲಬ್‌ನ ತಂದೆತಾಯಿಯರು ಪಿಜ್ಜಾ ಮಾರಿಯಾದರೂ ಕೂಡಿಸಿಬಿಡ್ತಾರೆ. ಅದು ಒಂದು ಸಲದ ಖರ್ಚು. ಪ್ರತಿ ಪಂದ್ಯಕ್ಕೂ ಅದರ ಮುಂದೆ ಒಬ್ಬ ಮನುಷ್ಯ ಕೂರಬೇಕಲ್ಲ? ನೀವೆಲ್ಲ ಆಫೀಸಿನಲ್ಲಿ ನೋಡಿರ್ತೀರಿ. ಹೊಸ ಫೀಚರ್ ಬೇಕು ಅಂತ ಮೀಟಿಂಗ್‌ನಲ್ಲಿ ಹತ್ತು ಜನ ಕೈ ಎತ್ತುತ್ತಾರೆ. ರಾತ್ರಿ ಎರಡು ಗಂಟೆಗೆ ಅದು ಕೆಟ್ಟಾಗ ಫೋನ್ ಎತ್ತೋನು ಒಬ್ಬನೇ. ನಮ್ಮ ಜಿಮ್‌ನಲ್ಲಿ ಆ ಒಬ್ಬ, ಅರ್ಧ ಗಂಟೆ ಮುಂಚೆ ಹಿಡಿದು ಕೂರಿಸಿದ ಹುಡುಗ.

ಆ ಹುಡುಗನ ಮುಖ ನನಗೆ ಮರೆತಿಲ್ಲ. ಕೋಚ್ ಕಿರುಚಿದ್ದು ನನ್ನ ಮೇಲೆ, ಆದರೆ ಮುಖ ಬಿಳಿಚಿಕೊಂಡದ್ದು ಅವನದು. ಜಿಮ್ ತುಂಬ ತನ್ನದೇ ಶಾಲೆಯವರು, ಎಲ್ಲರೂ ಅವನನ್ನೇ ನೋಡ್ತಿದ್ದಾರೆ.

ಮತ್ತೆ ರೆಫರಿಗಳೆಲ್ಲಿದ್ದಾರೆ? 2018-19ರ ನಂತರದ ಮೂರ್ನಾಲ್ಕು ವರ್ಷದಲ್ಲಿ ಹೈಸ್ಕೂಲ್ ಆಟಗಳಿಂದ ಸುಮಾರು 50,000 ರೆಫರಿ, ಅಂಪೈರ್‌ಗಳು ಬಿಟ್ಟುಹೋದರು ಅಂತ ಹೇಳಿದ್ದು ಎನ್‌ಎಫ್‌ಎಚ್‌ಎಸ್ಸೇ. ಕೋವಿಡ್ ಒಂದು ಕಾರಣ, ಬೈಗುಳ ಇನ್ನೊಂದು. ಮೂವರು ನಿಲ್ಲಬೇಕಾದ ಕಡೆ ಇಬ್ಬರು ನಿಲ್ಲೋದು, ಒಬ್ಬನೇ ಒಂದೇ ಸಂಜೆ ಎರಡು ಪಂದ್ಯ ನಡೆಸೋದು ನಮಗೆ ಅಭ್ಯಾಸ ಆಗಿದೆ. ಪ್ರತಿ ಹೊಸ ನಿಯಮ ಹೊಸ ರೆಫರಿಗೆ ಬೈಸಿಕೊಳ್ಳೋಕೆ ಹೊಸ ಅವಕಾಶ. ಮೊದಲ ವರ್ಷದ ರೆಫರಿ ಎರಡನೇ ವರ್ಷ ವಾಪಸ್ ಬರ್ತಾನಾ ಅನ್ನೋದು ಅವನು ಪುಸ್ತಕ ಎಷ್ಟು ಓದಿದ್ದಾನೆ ಅನ್ನೋದರ ಮೇಲಿಲ್ಲ, ಅವನನ್ನು ಕಾರಿನವರೆಗೂ ಎಷ್ಟು ಜನ ಅಟ್ಟಿಸಿಕೊಂಡು ಬಂದರು ಅನ್ನೋದರ ಮೇಲಿದೆ.

"ಅಂದ್ರೆ ನಿಂಗೆ ಕೆಲಸ ಜಾಸ್ತಿ ಆಗುತ್ತೆ ಅಂತ ಅಳ್ತಿದೀಯ" ಅಂತ ಅದೇ ಗೆಳೆಯ ಆಮೇಲೆ ಫೋನ್‌ನಲ್ಲಿ ಅಂದ. ಹೌದಪ್ಪ, ಅಳ್ತಿದೀನಿ. ನನ್ನ ಕೆಲಸ ಹೆಚ್ಚಾದರೆ ಕಮ್ಮಿಯಾಗೋದು ಮಕ್ಕಳ ಮೇಲಿನ ನನ್ನ ಗಮನ. ಆ ತುಟಿ ಸೀಳಿದ್ದು ನನ್ನದಲ್ಲ.

ಹಾಗಾದ್ರೆ ಏನು ಮಾಡೋಣ? ಕ್ಲಾಕನ್ನು ಶಾಶ್ವತವಾಗಿ ಹೂಳಿ ಅಂತ ನಾನು ಹೇಳ್ತಿಲ್ಲ. ಶಾಲೆಯ ಮುಖ್ಯ ತಂಡಗಳ ಪಂದ್ಯಕ್ಕೆ ಇಡಿ, ಒಂದು ಷರತ್ತಿನ ಮೇಲೆ: ಮೂವರು ರೆಫರಿ, ತರಬೇತಿ ಪಡೆದು ಸಂಬಳ ತಗೊಳ್ಳೋ ಆಪರೇಟರ್. ಇವರಲ್ಲಿ ಯಾರಾದರೂ ಬರದಿದ್ದರೆ ಆವತ್ತು ಕ್ಲಾಕ್ ಆಫ್, ಯಾವ ವಾದವೂ ಇಲ್ಲ. ಒಂಬತ್ತನೇ ಕ್ಲಾಸಿನ, ಜೂನಿಯರ್ ತಂಡಗಳ ಆಟಕ್ಕೆ ಅದನ್ನು ತರಲೇಬೇಡಿ. ಕ್ಲಾಕ್ ಕೊಳ್ಳೋ ಮೊದಲು ಅಷ್ಟೇ ದುಡ್ಡನ್ನು ಟೇಬಲ್‌ನಲ್ಲಿ ಕೂರೋರ ತರಬೇತಿಗೂ, ಮೊದಲ ಮೂರು ವರ್ಷದ ರೆಫರಿಗಳಿಗೂ ಇಡಿ. ಮತ್ತೆ ಆ ಐದು ಸೆಕೆಂಡಿನ ಎಣಿಕೆಯನ್ನು ಮುಂದಿನ ಸೀಸನ್‌ನಿಂದ ನಾವೆಲ್ಲ ಕೈ ಬೀಸಿ, ಜೋರಾಗಿ ಮಾಡೋಣ. ಅದಕ್ಕೆ ಯಾವ ಸಮಿತಿಯ ಅನುಮತಿಯೂ ಬೇಡ. ಇಷ್ಟೆಲ್ಲ ಮಾಡಿದ ಮೇಲೂ 4-2 ಪಂದ್ಯಗಳು ಸಾಲುಗಟ್ಟಿ ಬಂದರೆ, ಆಗ ಕೇಳಿ, ಕಡ್ಡಾಯಕ್ಕೆ ನಾನೇ ಕೈ ಎತ್ತುತ್ತೀನಿ.

ಅಲ್ಲೀವರೆಗೆ, ಕೂಟದ ಊಟದಲ್ಲಿ ನಾಚಿಕೆ ಆಗಲ್ವಾ ಅಂತ ಕೇಳಿದ ಗೆಳೆಯನಿಗೆ ನನ್ನದೊಂದು ಕರೆ. ಮುಂದಿನ ಮಂಗಳವಾರ ಸಂಜೆ ಆರಕ್ಕೆ ಒಂದು ಜೂನಿಯರ್ ಪಂದ್ಯ ಇದೆ. ಟೇಬಲ್‌ನಲ್ಲಿ ಒಂದು ಕುರ್ಚಿ ಖಾಲಿ ಇದೆ, ಈಗಲೂ ಯಾರೂ ಸಿಕ್ಕಿಲ್ಲ. ಬಂದು ಕೂತ್ಕೊಳ್ಳೋ ಮಾರಾಯ. ಆಟ ಮುಗಿದ ಮೇಲೆ ನಾನೇ ಕಾಫಿ ಕೊಡಿಸ್ತೀನಿ, ಆಗ ಮಾತಾಡೋಣ.